ಮುರಿದ ಯುಆರ್‌ಎಲ್‌ಗೆ 400 ಯಾರು ಕೊಡಬೇಕು? ಎಂಜಿನ್‌ಎಕ್ಸ್, ಎರರ್ ಹ್ಯಾಂಡ್ಲರ್, ಮಿಡಲ್‌ವೇರ್: ಒಂದು ಹೋಲಿಕೆ

ಬೆಂಗಳೂರಿನ ಬಡಾವಣೆಗಳ ಹೆಸರನ್ನು ಕನ್ನಡದಲ್ಲೇ ಯುಆರ್‌ಎಲ್‌ಗೆ ಹಾಕಿದರೆ ಅದು ಉದ್ದವಾಗುತ್ತದೆ. ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತದ ಗುರುತಿಗೂ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) 3 ಬೈಟ್, ಪ್ರತಿ ಬೈಟ್ % ಮತ್ತು ಎರಡು ಹೆಕ್ಸ್ (0-9, A-F) ಚಿಹ್ನೆಯಾಗಿ ಎನ್‌ಕೋಡ್ ಆದಾಗ 9 ಚಿಹ್ನೆ. ‘ಜಯನಗರ’ಕ್ಕೆ 45, ‘ಬೆಂಗಳೂರು’ಗೆ 72! ಲಿಂಕ್ ಕಾಪಿ ಮಾಡುವಾಗ ಬಾಲ ತುಂಡಾಗಿ ಕೊನೆಯ ಅಕ್ಷರದ 2 ಬೈಟ್ ಮಾತ್ರ ಉಳಿದರೆ, ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ, ಆ ಚಿಹ್ನೆಗಳನ್ನು ಮತ್ತೆ ಅಕ್ಷರವಾಗಿಸುವ ಡಿಕೋಡ್‌ಯುಆರ್‌ಐಕಾಂಪೊನೆಂಟ್ ಫಂಕ್ಷನ್ ಯುಆರ್‌ಐಎರರ್ ಎಂಬ ದೋಷ ಎಸೆಯುತ್ತದೆ. ಅದಕ್ಕೆ 400 (ಕೋರಿಕೆಯೇ ತಪ್ಪು) ಬದಲು 500 (ಸರ್ವರ್‌ನದೇ ತಪ್ಪು) ಹೋದರೆ ಆನ್‌ಕಾಲ್‌ನಲ್ಲಿರುವವರ ನಿದ್ದೆ ಸುಮ್ಮನೆ ಹಾಳು.

ನೋಡ್‌ನ ವೆಬ್ ಫ್ರೇಮ್‌ವರ್ಕ್ ಎಕ್ಸ್‌ಪ್ರೆಸ್ 4ರ ಮುಂದೆ ವೆಬ್ ಸರ್ವರ್ ಎಂಜಿನ್‌ಎಕ್ಸ್ ಇಟ್ಟು, ಕಮಾಂಡ್‌ಲೈನ್ ಸಾಧನ ಕರ್ಲ್‌ನಿಂದ ಅಂಥ ಕೆಟ್ಟ ವಿಳಾಸಗಳನ್ನು ಕಳಿಸಿ ನೋಡಿದ್ದು ಹೀಗೆ.

ಎಂಜಿನ್‌ಎಕ್ಸ್: ಪಾತ್‌ನಲ್ಲಿ (ಡೊಮೇನ್ ಹೆಸರಿನ ನಂತರದ ಭಾಗ) % ಆದ ಮೇಲೆ ಹೆಕ್ಸ್ ಅಲ್ಲದ ಅಕ್ಷರ ಬಂದರೆ ತಾನೇ 400 ಕೊಡುತ್ತದೆ, %00ಗೂ ಅಷ್ಟೇ. ಆದರೆ ತುಂಡಾದ ಕನ್ನಡ ಅಕ್ಷರವನ್ನು ಒಳಗೆ ಬಿಡುತ್ತದೆ. ಅದರ ಹೆಕ್ಸ್ ಸರಿಯಾಗಿದೆ, ಕೆಟ್ಟಿರುವುದು ಯುಟಿಎಫ್-8. ಅದನ್ನು ಎಂಜಿನ್‌ಎಕ್ಸ್ ನೋಡುವುದೇ ಇಲ್ಲ. ಇದೊಂದನ್ನೇ ನಂಬುವಂತಿಲ್ಲ.

ಎರರ್ ಹ್ಯಾಂಡ್ಲರ್ (ದೋಷ ಬಂದಾಗ ಉತ್ತರ ಕೊಡುವ ಫಂಕ್ಷನ್): ಪ್ಯಾರಮ್, ಅಂದರೆ ರೌಟ್‌ನಲ್ಲಿ (ವಿಳಾಸದ ಮಾದರಿ) ಬದಲಾಗುವ ಭಾಗ, ಡಿಕೋಡ್ ಆಗದಿದ್ದರೆ ಎಕ್ಸ್‌ಪ್ರೆಸ್ ಎರರ್‌ನ ಸ್ಟೇಟಸ್‌ಗೆ 400 ಹಾಕಿಯೇ ಕಳಿಸುತ್ತದೆ. ಎಲ್ಲಕ್ಕೂ ಕಣ್ಣುಮುಚ್ಚಿ 500 ಬರೆಯುವ ನಮ್ಮ ಹ್ಯಾಂಡ್ಲರ್‌ಗಳೇ ಅದನ್ನು ಕೆಡಿಸುವುದು. ಸ್ಟೇಟಸ್ ಇದ್ದರೆ ಅದು, ಇಲ್ಲದಿದ್ದರೆ ಮಾತ್ರ 500 ಎಂದು ಬರೆಯಿರಿ. ಹ್ಯಾಂಡ್ಲರ್‌ಗೆ 4 ಆರ್ಗ್ಯುಮೆಂಟ್ ಇರಲೇಬೇಕು. 3 ಇದ್ದರೆ ಎಕ್ಸ್‌ಪ್ರೆಸ್ ಅದನ್ನು ಮಾಮೂಲಿ ಮಿಡಲ್‌ವೇರ್ (ಉತ್ತರಕ್ಕೆ ಮುನ್ನ ಕೋರಿಕೆ ಹಾದುಹೋಗುವ ಫಂಕ್ಷನ್) ಅಂದುಕೊಳ್ಳುತ್ತದೆ, ಎರರ್ ಅಲ್ಲಿಗೆ ಬರುವುದಿಲ್ಲ. ಕೊರತೆ ಏನೆಂದರೆ, ಪ್ಯಾರಮ್ ಇಲ್ಲದ ರೌಟ್‌ಗಳಲ್ಲಿ ಡಿಕೋಡ್ ನಡೆಯುವುದಿಲ್ಲ, ಕೆಟ್ಟ ವಿಳಾಸ 404 (ಪುಟ ಸಿಗಲಿಲ್ಲ) ಆಗಿ ಮರೆಯಾಗುತ್ತದೆ.

ಮೊದಲ ಸಾಲಿನ ಮಿಡಲ್‌ವೇರ್: ನಮ್ಮ ಓಟು ಇದಕ್ಕೆ. ಟ್ರೈ-ಕ್ಯಾಚ್ ಒಳಗೆ ಪಾತ್ ಡಿಕೋಡ್ ಮಾಡಿ, ಎಸೆದರೆ 400. ನಾಲ್ಕೈದು ಸಾಲಿನ ಕೆಲಸ. ಸ್ಟ್ಯಾಟಿಕ್ ಫೈಲ್‌ಗಳ ಮಿಡಲ್‌ವೇರ್‌ಗಿಂತ ಮೇಲೆ ಇಡಿ. ಅದರ ಫಾಲ್‌ಥ್ರೂ (ತನಗೆ ಆಗದ್ದನ್ನು ಮುಂದಿನದಕ್ಕೆ ಬಿಡುವ ಆಯ್ಕೆ) ಡಿಫಾಲ್ಟ್ ಆಗಿ ಆನ್ ಇರುವುದರಿಂದ ಕೆಟ್ಟ ವಿಳಾಸವನ್ನೂ ಸದ್ದಿಲ್ಲದೆ ಮುಂದಕ್ಕೆ ತಳ್ಳುತ್ತದೆ. ವಿಳಾಸದಲ್ಲಿ ? ಆದ ಮೇಲಿನ ಕ್ವೆರಿ ಸ್ಟ್ರಿಂಗ್‌ಗೆ ಮಾತ್ರ ಈ ಬಿಗಿ ಬೇಡ: ಯುಟಿಎಫ್-8 ಅಲ್ಲದ ಎನ್‌ಕೋಡಿಂಗ್ ಬಳಸುವ ಹಳೆ ಸಿಸ್ಟಮ್‌ನ ಕಾಲ್‌ಬ್ಯಾಕ್ ಸಿಕ್ಕಿಬೀಳುತ್ತದೆ. ಎಕ್ಸ್‌ಪ್ರೆಸ್ 4 ಅಂಥ ಮೌಲ್ಯವನ್ನು ಡಿಕೋಡ್ ಮಾಡದೆ ಹಾಗೇ ಕೊಡುತ್ತದೆ, ಬಳಸುವ ಜಾಗದಲ್ಲಿ ಪರೀಕ್ಷಿಸಿದರೆ ಸಾಕು.

ಮುರಿದ ಭಾಗ ಕತ್ತರಿಸಿ 301 (ಕಾಯಂ ಆಗಿ ಬೇರೆ ವಿಳಾಸಕ್ಕೆ ತಿರುಗಿಸುವ ಉತ್ತರ) ಕಳಿಸುವ ಉಪಾಯವೂ ಉಂಟು. ಬೇಡ. ‘ಜಯನಗರ’ದ ಕೊನೆಯಕ್ಷರ ಹೋದರೆ ‘ಜಯನಗ’. ಅಂಥ ಪುಟವಿಲ್ಲ, ಬ್ರೌಸರ್ ಮಾತ್ರ ಆ ತಪ್ಪು ದಾರಿಯನ್ನು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ.

ಯಾವುದನ್ನು ಆರಿಸಿದರೂ ಲಾಗ್‌ಗೆ ವಿಳಾಸವನ್ನು ಬಂದ ಹಾಗೇ ಬರೆಯಿರಿ. ಓದಲು ಚೆನ್ನಾಗಿರಲಿ ಎಂದು ಹ್ಯಾಂಡ್ಲರ್ ಒಳಗೆ ಡಿಕೋಡ್ ಮಾಡಿದರೆ ಅದೇ ಯುಆರ್‌ಐಎರರ್ ಅಲ್ಲೂ ಏಳುತ್ತದೆ, ಈ ಸಲ 500 ಆಗಿ.