ಮೈಸೂರಿನ ಒಂದು ಸೈಕಿಯಾಟ್ರಿ ವಾರ್ಡಲ್ಲಿ 19 ದಿನ ಇದ್ವಿ, ಹೇಗಿತ್ತು ಅಂತ ಬರೀತಿದೀನಿ

ಆಸ್ಪತ್ರೆ ಹೆಸರು ಹಾಕ್ತಿಲ್ಲ, ತಮ್ಮ ಈಗ್ಲೂ ಅಲ್ಲೇ ತೋರಿಸ್ತಿದಾನೆ, ಊರಲ್ಲಿ ಎಲ್ರಿಗೂ ಗೊತ್ತಾಗೋದು ಅವನಿಗೆ ಬೇಡ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆ ಅಂದ್ಕೊಳ್ಳಿ. ನಾವು ಪಾಂಡವಪುರದ ಕಡೆಯವ್ರು, ಕಬ್ಬು ಭತ್ತ ಬೆಳೆಯೋ ಮನೆ. ತಮ್ಮಂಗೆ ಬೈಪೋಲಾರ್, ಅಂದ್ರೆ ಮನಸ್ಸು ಒಮ್ಮೆ ವಿಪರೀತ ಹುರುಪಿಗೆ ಏರಿ ಇನ್ನೊಮ್ಮೆ ಪೂರ್ತಿ ಕುಗ್ಗಿ ಹೋಗೋ ಕಾಯಿಲೆ. ನಾಲ್ಕು ರಾತ್ರಿ ನಿದ್ದೆ ಇಲ್ದೆ ಎರಡು ಗಂಟೇಲಿ ಪಂಪ್‌ಸೆಟ್ ಆನ್ ಮಾಡ್ಕೊಂಡು ಗದ್ದೇಲಿ ಓಡಾಡ್ತಿದ್ದ, ಊಟ ಇಲ್ಲ, ಯಾರ ಮಾತೂ ಕೇಳ್ತಿರ್ಲಿಲ್ಲ, ಕೊನೆಗೆ ಮಾವ ನಾನು ಸೇರಿ ಕಾರಲ್ಲಿ ಕೂರಿಸ್ಕೊಂಡು ಬಂದ್ವಿ.

ಇದಕ್ಕೆ ಮುಂಚೆ ಬೇರೆ ಒಂದು ಕಡೆ ಸೇರಿಸಿದ್ವಿ. ಐದನೇ ದಿನ "ಈಗ ಶಾಂತವಾಗಿದಾರೆ, ಕರ್ಕೊಂಡ್ ಹೋಗಿ" ಅಂತ ಒಂದು ಚೀಟಿ ಕೊಟ್ಟು ಕಳಿಸಿದ್ರು, ಯಾವ ಮಾತ್ರೆ ಯಾಕೆ ಅಂತ ಯಾರೂ ಹೇಳ್ಲಿಲ್ಲ. ಮೂರು ವಾರಕ್ಕೆ ಮತ್ತೆ ಅದೇ ಕಥೆ. ಹಂಗಾಗಿ ಇಲ್ಲಿ ಅಮ್ಮ ಮೊದಲನೇ ದಿನವೇ ಡಾಕ್ಟ್ರನ್ನ ಕೇಳಿದ್ದು, "ಎಷ್ಟ್ ದಿನಕ್ ಬುಡ್ತೀರಿ ಸ್ವಾಮಿ, ಬೇಗ ಬುಡ್ಬೇಡಿ."

ಡಾಕ್ಟ್ರು ದಿನ ಹೇಳ್ಲಿಲ್ಲ, ಕೆಲಸ ಹೇಳಿದ್ರು. ಲಿಥಿಯಂ (ಮನಸ್ಸಿನ ಏರಿಳಿತ ಹಿಡಿತದಲ್ಲಿಡೋ ಮಾತ್ರೆ) ಶುರು ಮಾಡಿದ ಮೇಲೆ ಐದಾರು ದಿನಕ್ಕೆ ರಕ್ತದಲ್ಲಿ ಅದರ ಪ್ರಮಾಣ ನೋಡ್ಬೇಕು, ರಾತ್ರಿ ಮಾತ್ರೆ ತಗೊಂಡು ಸುಮಾರು 12 ಗಂಟೆ ಆದ್ಮೇಲೆ ತೆಗೆದ ರಕ್ತನೇ ಆಗ್ಬೇಕು, ಕಮ್ಮಿ ಇದ್ರೆ ಡೋಸ್ ಏರಿಸಿ ಮತ್ತೆ ಕಾಯ್ಬೇಕು, ಜೊತೆಗೆ ಕಿಡ್ನಿ ಥೈರಾಯ್ಡ್ ಟೆಸ್ಟ್ ಕೂಡ. ದಿನ ಯಾಕೆ ಬೇಕು ಅಂತ ಅವತ್ತು ನಮಗೆ ಅರ್ಥ ಆಯ್ತು. ಆರನೇ ದಿನ ರಿಪೋರ್ಟಲ್ಲಿ ಕಮ್ಮಿ ಬಂತು, ಡೋಸ್ ಏರಿಸಿದ್ರು, ಎರಡನೇ ಸಲ ಸರಿ ಹೋಯ್ತು.

ಸೇರುವಾಗ ತಮ್ಮ ಒಪ್ಪಿರ್ಲಿಲ್ಲ, ಅದಕ್ಕೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಸೆಕ್ಷನ್ 89ರಲ್ಲಿ ಅಡ್ಮಿಟ್ ಮಾಡ್ಕೊಂಡ್ರು. ನಾನು ಅವನ ಪ್ರತಿನಿಧಿ ಅಂತ ಸಹಿ ಹಾಕ್ದೆ, ಇಬ್ಬರು ತಜ್ಞರು ಬೇರೆ ಬೇರೆಯಾಗಿ ಬಂದು ಅವನನ್ನ ಪರೀಕ್ಷೆ ಮಾಡಿದ್ರು. ಈ ರೀತಿ 30 ದಿನದ ತನಕ ಮಾತ್ರ ಇಟ್ಕೊಳ್ಬೋದು, ಅದಕ್ಕಿಂತ ಮೇಲೆ ಅಂದ್ರೆ ಸೆಕ್ಷನ್ 90, ಅದಕ್ಕೆ ಆ ಕಾಯ್ದೆ ಪ್ರಕಾರ ಇರೋ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ ಅನುಮತಿ ಬೇಕು. ಹನ್ನೆರಡನೇ ದಿನ ತಮ್ಮ ತಾನೇ "ಇನ್ನೊಂದ್ ವಾರ ಇರ್ತೀನಿ ಬಿಡಣ್ಣ" ಅಂದ, ಅವತ್ತು ಫಾರಂ ಬದಲಾಯಿಸಿ ಅವನ ಕೈಲೇ ಸಹಿ ಹಾಕಿಸ್ಕೊಂಡ್ರು. ಅದನ್ನ ನೋಡಿ ಅಮ್ಮ ಅತ್ತುಬಿಟ್ರು, ನಂಗೂ ಗಂಟಲು ಕಟ್ಟಿತು.

ಈ ಮಧ್ಯೆ ನೆಂಟರ ಫೋನ್. ಒಬ್ರು "19 ದಿನನಾ? ಅಷ್ಟೊಂದಾ?" ಇನ್ನೊಬ್ರು "ಇಂಥ ಕಾಯಿಲೆಗೆ ಆರು ತಿಂಗಳಾದ್ರೂ ಬೇಕು." ಅಮೆರಿಕಾದಲ್ಲಿರೋ ಚಿಕ್ಕಮ್ಮನ ಮಗ ಅಲ್ಲಿ ಒಂದು ವಾರದಲ್ಲೇ ಕಳಿಸ್ತಾರೆ ಅಂದ. ಯಾರ ಮಾತು ಸರಿ ಅಂತ ತಿಳ್ಕೊಳ್ಳೋಕೆ ರಾತ್ರಿ ಅಟೆಂಡರ್ ಮಂಚದ ಮೇಲೆ ಮಲ್ಕೊಂಡು ಓದ್ತಾ ಹೋದೆ. ಅಮೆರಿಕಾದಲ್ಲಿ ಸಾಮಾನ್ಯವಾಗಿ ಒಂದು ವಾರ ಹತ್ತು ದಿನ ಅನ್ನೋದು ನಿಜ, ಇನ್ಶೂರೆನ್ಸ್‌ನವ್ರು ದಿನದಿನಕ್ಕೂ ಲೆಕ್ಕ ಕೇಳ್ತಾರೆ. ಜಪಾನಲ್ಲಿ ಸರಾಸರಿ ಒಂಬತ್ತು ತಿಂಗಳ ಹತ್ತಿರ! ಮೂರು ಲಕ್ಷಕ್ಕೂ ಹೆಚ್ಚು ಮಾನಸಿಕ ಹಾಸಿಗೆ ಅಲ್ಲಿ, ಬಹುತೇಕ ಖಾಸಗಿ ಆಸ್ಪತ್ರೆಗಳದ್ದು. ಆದ್ರೆ ಹೊಸಬರಲ್ಲಿ ತುಂಬಾ ಜನ ವರ್ಷದೊಳಗೆ ಮನೆಗೆ ಹೋಗ್ತಾರಂತೆ, ಹತ್ತಾರು ವರ್ಷದಿಂದ ಅಲ್ಲೇ ಉಳಿದ ಹಳಬರಿಂದ ಆ ಸರಾಸರಿ ಏರೋದು. ಹೊರಗಡೆ ಮನೆ ಇಲ್ಲ, ಕರ್ಕೊಂಡು ಹೋಗೋರು ಇಲ್ಲ. ಇಂಗ್ಲೆಂಡಲ್ಲಿ ಒಪ್ಪಿಗೆ ಇಲ್ದೆ ಸೇರಿಸಿದ್ರೆ ಮೊದಲು 28 ದಿನದ ತನಕ, ಆಮೇಲೆ ಬೇಕಾದ್ರೆ ಆರು ತಿಂಗಳ ತನಕ. ಇಟಲಿ 1978ರಲ್ಲಿ ಕಾನೂನು ತಂದು ದೊಡ್ಡ ಮಾನಸಿಕ ಆಸ್ಪತ್ರೆಗಳನ್ನೇ ಮುಚ್ತಾ ಬಂತು, ಜನರಲ್ ಆಸ್ಪತ್ರೆ ಒಳಗೆ 15 ಹಾಸಿಗೆ ಮೀರದ ವಾರ್ಡು, ಬಲವಂತದ ಚಿಕಿತ್ಸೆಗೆ ಊರಿನ ಮೇಯರ್ ಆದೇಶ ಬೇಕು, ಅದೂ ಏಳು ದಿನಕ್ಕೆ, ಬೇಕಾದ್ರೆ ಮತ್ತೆ ಮುಂದುವರಿಸ್ಬೇಕು. ಹಂಗೆ ಕಳಿಸಿದವರನ್ನ ನೋಡ್ಕೊಳ್ಳೋಕೆ ಊರೂರಲ್ಲಿ ಕೇಂದ್ರ ಮಾಡಿದಾರೆ, ಟ್ರಿಯೆಸ್ಟೆ ಅನ್ನೋ ಊರಲ್ಲಂತೂ ಹಗಲೂ ರಾತ್ರಿ ತೆರೆದಿರುತ್ತೆ.

ಓದಿದ ಮೇಲೆ ನಂಗನ್ಸಿದ್ದು ಇಷ್ಟು: ಎಷ್ಟು ದಿನ ಅನ್ನೋದು ಕಾಯಿಲೆಗಿಂತ ಜಾಸ್ತಿ, ಬಾಗಿಲಾಚೆ ಯಾರಿದಾರೆ ಅನ್ನೋದ್ರ ಮೇಲೆ ನಿಂತಿದೆ. ನಮ್ಮಲ್ಲಿ ರೋಗಿ ಜೊತೆ ಮನೆಯವ್ರು ಉಳ್ಕೊಳ್ತಾರೆ, ನಿಮ್ಹಾನ್ಸ್‌ನಲ್ಲೂ ಹಂಗೇ. ಅಮ್ಮ 19 ದಿನ ಅಲ್ಲೇ ಇದ್ದಿದ್ರಿಂದ ಮಾತ್ರೆ, ನಿದ್ದೆ, ಸಿಟ್ಟು ಬರೋ ಮುಂಚಿನ ಲಕ್ಷಣ ಎಲ್ಲ ಕಲಿತ್ಕೊಂಡ್ರು.

ಈ ವಾರ್ಡ್ ಗೆದ್ದಿದ್ದು ಇಲ್ಲೇ. ಒಬ್ರು ನರ್ಸಮ್ಮ ತಮ್ಮನನ್ನ ಕೂರಿಸ್ಕೊಂಡು "ಬಿಸಿಲಲ್ಲಿ ಕಬ್ಬು ಕಡಿಯೋಕೆ ಹೋಗ್ತೀಯಲ್ಲ, ನೀರು ಕುಡೀತಾ ಇರು, ಉಪ್ಪು ದಿಢೀರಂತ ಬಿಡ್ಬೇಡ, ವಾಂತಿ ಭೇದಿ ಆದ್ರೆ, ಕೈ ಜೋರಾಗಿ ನಡುಗಿದ್ರೆ ತಕ್ಷಣ ಬಾ, ಮೈಕೈ ನೋವಿಗೆ ಅಂಗಡೀಲಿ ಕೇಳಿ ಮಾತ್ರೆ ನುಂಗ್ಬೇಡ" ಅಂತ ನಿಧಾನಕ್ಕೆ ಹೇಳಿದ್ರು. ಮೈಯಲ್ಲಿ ನೀರು ಕಮ್ಮಿಯಾದ್ರೆ ಲಿಥಿಯಂ ರಕ್ತದಲ್ಲಿ ಏರುತ್ತಂತೆ, ಹಿಂದಿನ ಕಡೆ ಇದನ್ನ ಯಾರೂ ಬಾಯಿ ಬಿಟ್ಟಿರ್ಲಿಲ್ಲ, ನಮ್ಮೂರಿನ ಏಪ್ರಿಲ್ ಬಿಸಿಲು ನೆನೆಸ್ಕೊಂಡ್ರೆ ಈಗ್ಲೂ ಭಯ ಆಗುತ್ತೆ. ಡಿಸ್ಚಾರ್ಜ್ ಆಗಿ ವಾರಕ್ಕೆ ಸೋಷಿಯಲ್ ವರ್ಕರ್ ಫೋನ್ ಮಾಡಿ ನಿದ್ದೆ ಹೆಂಗಿದೆ ಅಂತ ಕೇಳಿದ್ರು. ರಾತ್ರಿ ಹೊತ್ತು ಗಾಬರಿ ಆದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ ಅಂತ ಚೀಟೀಲಿ ಬರೆದೂ ಕೊಟ್ಟಿದ್ರು.

ಬೇಜಾರಾಗಿದ್ದೂ ಇದೆ. ಡಿಸ್ಚಾರ್ಜ್ ಸಮ್ಮರಿ ಪೂರ್ತಿ ಇಂಗ್ಲಿಷು, ಅಮ್ಮಂಗೆ ನಾನು ಮಾತ್ರೆ ಡಬ್ಬಿ ಮೇಲೆ ಸೂರ್ಯ ಚಂದ್ರ ಬರೆದು ಕೊಟ್ಟೆ. ಹೆಂಗಸರು ಮಲಗೋ ಜಾಗಕ್ಕೂ ಬಾತ್‌ರೂಮಿಗೂ ತುಂಬಾ ದೂರ. ಇನ್ಶೂರೆನ್ಸ್ ಕಂಪನಿ ಮಾನಸಿಕ ಕಾಯಿಲೆ ಅಂತ ಮೊದಲು ಕ್ಲೇಮ್ ತಿರಸ್ಕಾರ ಮಾಡ್ತು, ಅದೇ 2017ರ ಕಾಯ್ದೆ ಸೆಕ್ಷನ್ 21ರಲ್ಲಿ ದೇಹದ ಕಾಯಿಲೆ ಥರಾನೇ ಇದಕ್ಕೂ ವಿಮೆ ಕೊಡ್ಬೇಕು ಅಂತಿದೆ, ಅದನ್ನ ಬರೆದು ಮತ್ತೆ ಕಳಿಸಿದ ಮೇಲೆ ಪಾಸಾಯ್ತು. ಆಸ್ಪತ್ರೆ ಕೌಂಟರ್‌ನವ್ರು ಇದನ್ನ ಮೊದಲೇ ಹೇಳಿದ್ರೆ ಸಾಲ ಮಾಡೋದು ತಪ್ತಿತ್ತು.

ಐದಕ್ಕೆ ನಾಲ್ಕು ಕೊಡ್ತೀನಿ. ತಮ್ಮಂದು ಮುಂದಿನ ರಕ್ತ ಪರೀಕ್ಷೆ ಬರೋ ಗುರುವಾರ, ಈ ಸಲ ಒಬ್ನೇ ಬಸ್ಸಲ್ಲಿ ಹೋಗಿ ಬರ್ತೀನಿ ಅಂತಿದಾನೆ.