ರಿಫ್ಲೆಕ್ಟರ್: ಮಿರರ್ ಆಯ್ಕೆಯಲ್ಲಿ ವೇಗಕ್ಕಿಂತ ಮೊದಲು ನೋಡಬೇಕಾದದ್ದು

ಆರ್ಚ್ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಬಳಸುವವರಿಗೆ ಪ್ಯಾಕೇಜ್‌ಗಳನ್ನು (ತಂತ್ರಾಂಶದ ಕಟ್ಟುಗಳನ್ನು) ಯಾವ ಮಿರರ್‌ನಿಂದ, ಅಂದರೆ ಅವುಗಳ ಪ್ರತಿಗಳನ್ನು ಇಟ್ಟುಕೊಂಡು ಹಂಚುವ ಯಾವ ಸರ್ವರ್‌ನಿಂದ, ಇಳಿಸಿಕೊಳ್ಳಬೇಕೆಂಬ ನಿರ್ಧಾರದಲ್ಲಿ ನೆರವಾಗಲು ಪೈಥಾನ್‌ನಲ್ಲಿ ಬರೆದಿರುವ ಪುಟ್ಟ ಸಾಧನ ರಿಫ್ಲೆಕ್ಟರ್. ಆರ್ಚ್ ಯೋಜನೆಯ ಮಿರರ್ ಸ್ಥಿತಿ ಪುಟದಿಂದ ಮಾಹಿತಿ ತಂದು, ನಾವು ಕೊಟ್ಟ ಮಾನದಂಡಗಳಿಗೆ ತಕ್ಕಂತೆ ಸೋಸಿ, ಮಿರರ್‌ಲಿಸ್ಟ್ ಕಡತವನ್ನು ಹೊಸದಾಗಿ ಬರೆದುಕೊಡುತ್ತದೆ. ಬಹುತೇಕರು ಇದನ್ನು ವೇಗಕ್ಕಾಗಿ ಬಳಸುತ್ತಾರೆ. ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಉಪಯೋಗವಿರುವುದು ಹಿಂದುಳಿದ ಮಿರರ್‌ಗಳನ್ನು ಹೊರಗಿಡುವುದರಲ್ಲಿ.

ಇನ್ನೊಂದು ಲಿನಕ್ಸ್ ವಿತರಣೆಯಾದ ಫೆಡೋರಾದಲ್ಲಿ ಮಿರರ್‌ಗಳ ವಿಳಾಸ ನೀಡುವ ಮೆಟಾಲಿಂಕ್ ಕಡತವೇ ಪ್ಯಾಕೇಜ್ ಸೂಚಿಯ ಹ್ಯಾಶ್‌ಗಳನ್ನು (ಕಡತವನ್ನು ಗುರುತಿಸುವ ಬೆರಳಚ್ಚಿನಂಥ ಸಂಖ್ಯೆಗಳನ್ನು) ಹೊತ್ತು ತರುವುದರಿಂದ, ಹಳೆಯ ಸೂಚಿಯನ್ನು ನೀಡುವ ಮಿರರ್ ತಾನಾಗಿಯೇ ತಿರಸ್ಕೃತವಾಗುತ್ತದೆ. ಆರ್ಚ್‌ನಲ್ಲಿ ಪ್ಯಾಕೇಜ್‌ಗಳ ಸಹಿಯನ್ನು ಪರಿಶೀಲಿಸುವುದು ಕಡ್ಡಾಯವಾದರೂ ಅವುಗಳ ಸೂಚಿಯಾದ ಡೇಟಾಬೇಸ್‌ನ ಸಹಿ ಐಚ್ಛಿಕವಾಗಿಯೇ ಉಳಿದಿದೆ; ಸೂಚಿ ತಾಜಾ ಆಗಿದೆಯೇ ಎಂದು ಪರಿಶೀಲಿಸುವ ಫೆಡೋರಾದಂಥ ವ್ಯವಸ್ಥೆಯೂ ಇಲ್ಲ. ಹೀಗಾಗಿ ಒಂದು ವಾರದಿಂದ ಸಿಂಕ್ ಆಗದ (ಮೂಲ ಸರ್ವರ್‌ನ ಹೊಸ ಕಡತಗಳನ್ನು ತಂದುಕೊಳ್ಳದ) ಮಿರರ್ ಕೂಡ, ಭದ್ರತಾ ತಿದ್ದುಪಡಿಗಳು ಬಿಡುಗಡೆಯಾಗಿದ್ದರೂ, ಹೊಸದೇನೂ ಇಲ್ಲವೆಂದು ಸಲೀಸಾಗಿ ಹೇಳಿಬಿಡುತ್ತದೆ. ಆರ್ಚ್‌ನ ಪ್ಯಾಕೇಜ್ ನಿರ್ವಾಹಕ ಪ್ಯಾಕ್‌ಮನ್ ಅದನ್ನು ನಂಬುತ್ತದೆ. ತಾಜಾ ಮಿರರ್‌ನಿಂದ ಅಂಥದ್ದಕ್ಕೆ ಬದಲಾಯಿಸಿಕೊಂಡಾಗ ಮಾತ್ರ, ಯಂತ್ರದಲ್ಲಿರುವ ಆವೃತ್ತಿಯೇ ಹೊಸದು ಎಂಬ ಎಚ್ಚರಿಕೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಕೊನೆಯ ಸಿಂಕ್ ಆಗಿ ಎಷ್ಟು ಗಂಟೆಗಳಾಗಿವೆ ಎಂದು ನೋಡುವ ಏಜ್ ಆಯ್ಕೆಯನ್ನೂ, ಮಿರರ್ ಸಾಮಾನ್ಯವಾಗಿ ಎಷ್ಟು ತಡಮಾಡುತ್ತದೆ ಎಂದು ನೋಡುವ ಡಿಲೇ ಆಯ್ಕೆಯನ್ನೂ ಮೊದಲು ಕೊಟ್ಟು, ಸುರಕ್ಷಿತ ಸಂಪರ್ಕವಾದ ಎಚ್‌ಟಿಟಿಪಿಎಸ್‌ಗೆ ಸೀಮಿತಗೊಳಿಸಿ, ಉಳಿದವುಗಳನ್ನಷ್ಟೇ ವೇಗದ ಪ್ರಕಾರ ಜೋಡಿಸುವುದು ಸರಿಯಾದ ಕ್ರಮ. ಈ ಸೋಸುವಿಕೆಯನ್ನು ರಿಫ್ಲೆಕ್ಟರ್ ಅಚ್ಚುಕಟ್ಟಾಗಿ ಮಾಡುತ್ತದೆ.

ವೇಗದ ಅಳತೆಯ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಒಂದು ಡೇಟಾಬೇಸ್ ಕಡತವನ್ನು ಇಳಿಸಿ ದರ ಲೆಕ್ಕ ಹಾಕುವಾಗ ಸಂಪರ್ಕ ಏರ್ಪಡಲು ತಗಲುವ ಸಮಯವೂ ಅದರಲ್ಲಿ ಸೇರಿಹೋಗುತ್ತದೆ. ಬೆಳಿಗ್ಗೆ ಮೊದಲ ಸ್ಥಾನ ಪಡೆದ ಮಿರರ್ ದಟ್ಟಣೆಯ ಹೊತ್ತಿನಲ್ಲಿ ಕೆಳಗಿಳಿದಿರುತ್ತದೆ. ಇದರ ಬದಲು ಮಿರರ್ ಸ್ಥಿತಿ ಪುಟ ಕೊಡುವ ಸ್ಕೋರ್ ಬಳಸೋಣವೆಂದರೆ, ಅದು ತಡ, ಪ್ರತಿಕ್ರಿಯೆಯ ಸರಾಸರಿ ಅವಧಿ ಮತ್ತು ಅದರ ಏರಿಳಿತಗಳನ್ನು ಕೂಡಿಸಿ, ಸಿಂಕ್ ಎಷ್ಟು ಪೂರ್ಣವಾಗಿದೆ ಎಂಬ ಪ್ರಮಾಣದಿಂದ ಭಾಗಿಸಿ ಬರುವ ಸಂಖ್ಯೆ, ಅಂದರೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಆದರೆ ಆ ಅವಧಿಯನ್ನು ಅಳೆಯುವುದು ಯೋಜನೆಯ ತಪಾಸಣಾ ಯಂತ್ರಗಳೇ ಹೊರತು ನಮ್ಮ ಯಂತ್ರವಲ್ಲ. ಮಿರರ್‌ನ ಶಿಸ್ತನ್ನು ತಿಳಿಯಲು ಅದು ಸಾಕು, ನಮಗೆ ಸಿಗುವ ವೇಗವನ್ನು ತಿಳಿಯಲು ಸಾಲದು.

ಮುಖ್ಯ ದೌರ್ಬಲ್ಯ ಬೇರೆಯೇ ಇದೆ. ಪಟ್ಟಿಗಾಗಿ ಇದು ಯೋಜನೆಯ ಮುಖ್ಯ ಜಾಲತಾಣವನ್ನೇ ಅವಲಂಬಿಸಿದೆ. 2025ರ ಆಗಸ್ಟ್‌ನಲ್ಲಿ ಡಿಡಿಒಎಸ್ ದಾಳಿಯಿಂದ (ಏಕಕಾಲಕ್ಕೆ ಅಪಾರ ವಿನಂತಿಗಳನ್ನು ಕಳಿಸಿ ಸರ್ವರ್ ಅನ್ನು ಮುಳುಗಿಸುವ ದಾಳಿ) ಆ ತಾಣಕ್ಕೆ ಅಡಚಣೆಯಾದಾಗ, ಪ್ಯಾಕ್‌ಮನ್‌-ಮಿರರ್‌ಲಿಸ್ಟ್ ಪ್ಯಾಕೇಜ್‌ನಲ್ಲಿರುವ ಪಟ್ಟಿಯನ್ನು ಬಳಸುವಂತೆ ಯೋಜನೆಯೇ ಸೂಚಿಸಬೇಕಾಯಿತು. ಅದಕ್ಕಾಗಿಯೇ ರಿಫ್ಲೆಕ್ಟರ್ ಅನ್ನು ವಾರಕ್ಕೊಮ್ಮೆ ತಾನಾಗಿ ಓಡಿಸುವ ಟೈಮರ್ ಅನ್ನು ಸಕ್ರಿಯಗೊಳಿಸುವವರು ಹಳೆಯ ಪಟ್ಟಿಯ ಒಂದು ಪ್ರತಿಯನ್ನು ಪಕ್ಕದಲ್ಲಿ ಇಟ್ಟುಕೊಂಡಿರಬೇಕು.

ಮತ್ತೊಂದು ಲಿನಕ್ಸ್ ವಿತರಣೆಯಾದ ಡೆಬಿಯನ್‌ನ ಬಳಕೆದಾರರು ಇಂಥ ಸಾಧನವನ್ನು ಹುಡುಕುವ ಅಗತ್ಯ ಕಡಿಮೆ. ಸಿಡಿಎನ್ (ಹತ್ತಿರದ ಸರ್ವರ್‌ನಿಂದ ಕಡತ ಒದಗಿಸುವ ಜಾಲ) ಬೆಂಬಲವಿರುವ ಅದರ ಸಾಮಾನ್ಯ ವಿಳಾಸವೇ ಹೆಚ್ಚಿನವರಿಗೆ ಸಾಕಾಗುತ್ತದೆ. ಫೆಡೋರಾದವರು ತಮ್ಮ ಪ್ಯಾಕೇಜ್ ನಿರ್ವಾಹಕ ಡಿಎನ್‌ಎಫ್‌ನ ಫಾಸ್ಟೆಸ್ಟ್‌ಮಿರರ್ ಆಯ್ಕೆಯನ್ನು ಆತುರದಿಂದ ಸಕ್ರಿಯಗೊಳಿಸದಿರುವುದು ಒಳ್ಳೆಯದು, ಏಕೆಂದರೆ ಸರ್ವರ್ ಆಯಾ ಬಳಕೆದಾರರಿಗೆಂದು ಸಿದ್ಧಪಡಿಸಿಕೊಟ್ಟ ಕ್ರಮವನ್ನೇ ಅದು ಬದಿಗೊತ್ತುತ್ತದೆ. ಆರ್ಚ್‌ನವರಿಗೆ ಮಾತ್ರ, ಏಜ್ ಆಯ್ಕೆಯ ಮಿತಿಯನ್ನು ಹಾಕಿ ಬಳಸುವುದಾದರೆ, ರಿಫ್ಲೆಕ್ಟರ್ ಅನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ.