ಗ್ರಾಫಿಕ್ಸ್ ಕಾರ್ಡ್ ಚೆನ್ನಾಗಿದೆ, ಆದರೆ ಕೇಬಲ್ ನೋಡಿ ಹಾಕಿ

ಮೂರು ತಿಂಗಳು ಬಳಸಿದ ಮೇಲೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಮೊದಲ ತಿಂಗಳಲ್ಲೇ ಬರೆದಿದ್ದರೆ ಒಂದೇ ಕೊಡುತ್ತಿದ್ದೆ, ಅದು ತಪ್ಪಾಗುತ್ತಿತ್ತು.

ಕಾರ್ಡ್ ಹಾಕಿದ ಮೂರನೇ ದಿನದಿಂದ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆಫ್ ಆಗಿ ತಾನಾಗಿಯೇ ಮತ್ತೆ ಆನ್ ಆಗುತ್ತಿತ್ತು. ನೀಲಿ ಸ್ಕ್ರೀನ್ ಇಲ್ಲ, ಎರರ್ ಮೆಸೇಜ್ ಇಲ್ಲ. ಒಂದೊಂದು ದಿನ ಎರಡು ಸಲ, ಆಮೇಲೆ ನಾಲ್ಕು ದಿನ ಏನೂ ಇಲ್ಲ. ಹೀಗೆ ಬಂದು ಹೋಗುವ ತೊಂದರೆ ತುಂಬಾ ತಲೆ ತಿನ್ನುತ್ತೆ, ಯಾಕಂದ್ರೆ ಏನೋ ಒಂದು ಬದಲಾಯಿಸಿದ ಮೇಲೆ ಎರಡು ದಿನ ಸರಿಯಾಗಿ ನಡೆದರೆ ಸಾಕು, ಅದರಿಂದಲೇ ಸರಿಹೋಯ್ತು ಅಂದುಕೊಂಡುಬಿಡುತ್ತೇವೆ.

ಇದು 250 ವ್ಯಾಟ್ ಕಾರ್ಡ್, ಕರೆಂಟ್ ಕೊಡೋಕೆ 8 ಪಿನ್‌ನ ಎರಡು ಸಾಕೆಟ್ ಇವೆ. ನಾನು ತಗೊಂಡಿದ್ದು ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರ್ ಮಾಡೋಕೆ (ಮಾಡೆಲಿನಿಂದ ಚಿತ್ರ ತೆಗೆಯೋಕೆ), ಜೊತೆಗೆ ಸಣ್ಣಪುಟ್ಟ ಎಐ ಮಾಡೆಲ್ ಮನೆಯಲ್ಲೇ ಓಡಿಸೋಕೆ. ಆ ಕೆಲಸದಲ್ಲಿ ದೂರು ಹೇಳುವಂಥದ್ದು ಏನೂ ಇಲ್ಲ. ಮೊದಲು ಊಟ ಮುಗಿಸಿ ಬಂದರೂ ಮುಗಿಯದ ರೆಂಡರ್ ಈಗ ನೀರು ಕುಡಿದು ಬರುವಷ್ಟರಲ್ಲಿ ಆಗಿರುತ್ತದೆ. ಪೂರ್ತಿ ಲೋಡ್‌ನಲ್ಲೂ ಬಿಸಿ 70 ಡಿಗ್ರಿ ದಾಟಿಲ್ಲ.

ಮಾರಿದವರ ಸಪೋರ್ಟ್‌ಗೆ ಮೂರು ಸಲ ಬರೆದೆ, ಮೂರು ಸಲವೂ ಒಂದೇ ಉತ್ತರ: ಡ್ರೈವರ್ ತೆಗೆದು ಮತ್ತೆ ಹಾಕಿ. ಸೇಫ್ ಮೋಡ್‌ನಲ್ಲಿ ಡಿಡಿಯು ಅನ್ನೋ ಡ್ರೈವರ್ ತೆಗೆಯುವ ಟೂಲ್ ಬಳಸಿ ಪೂರ್ತಿ ತೆಗೆದು ಹಾಕಿದೆ. ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ರಾತ್ರಿಯೆಲ್ಲ ಓಡಿಸಿದೆ, ನಾಲ್ಕು ಪಾಸ್, ಒಂದೂ ಎರರ್ ಇಲ್ಲ. ರ್‍ಯಾಮ್‌ನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆಫ್ ಮಾಡಿದೆ. ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಿದೆ. ಎಲ್ಲ ಸುಮ್ನೆ ಹೋಯ್ತು.

ದಾರಿ ತೋರಿಸಿದ್ದು ವಿಂಡೋಸ್ ತನ್ನ ಲಾಗ್ ತೋರಿಸುವ ಇವೆಂಟ್ ವ್ಯೂವರ್. ಪ್ರತಿ ಸಲವೂ ಕರ್ನಲ್-ಪವರ್ 41 ಅಂತ ಒಂದು ಸಾಲು, ಬಿಡಿಸಿ ನೋಡಿದರೆ ಬಗ್‌ಚೆಕ್ ಕೋಡ್ (ನೀಲಿ ಸ್ಕ್ರೀನ್‌ನ ಎರರ್ ನಂಬರ್) 0. ಈ 41 ಕಾರಣ ಹೇಳುವುದಿಲ್ಲ, ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅಂತ ಮಾತ್ರ ಹೇಳುತ್ತದೆ. ಆದರೆ ಕೋಡ್ 0 ಇದ್ದು ಕ್ರ್ಯಾಶ್ ವಿವರ ಉಳಿಸುವ ಮಿನಿಡಂಪ್ ಫೋಲ್ಡರ್ ಕೂಡ ಖಾಲಿ ಇದ್ದರೆ, ವಿಂಡೋಸ್‌ಗೆ ಏನನ್ನೂ ಬರೆದಿಡೋಕೆ ಸಮಯ ಸಿಕ್ಕಿಲ್ಲ ಅಂತ ಲೆಕ್ಕ. ಆಗ ಮೊದಲು ಅನುಮಾನ ಪಡಬೇಕಾದ್ದು ಕರೆಂಟ್ ಕಡೆ. ಡ್ರೈವರ್ ತೊಂದರೆ ಸಾಮಾನ್ಯವಾಗಿ ಬೇರೆ ಥರ ಇರುತ್ತದೆ. ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ರೀಸೆಟ್ ಮಾಡುತ್ತದೆ, ಸ್ಕ್ರೀನ್ ಕಪ್ಪಾಗಿ ವಾಪಸ್ ಬರುತ್ತದೆ, ಲಾಗ್‌ನಲ್ಲಿ 4101 ಕಾಣುತ್ತದೆ.

ಇನ್ನೊಂದು ಗಮನಿಸಿದೆ. ರೆಂಡರ್ ಮಧ್ಯೆ ಎಂದೂ ಆಫ್ ಆಗುತ್ತಿರಲಿಲ್ಲ, ಒಂದು ಫ್ರೇಮ್ ಮುಗಿದು ಇನ್ನೊಂದು ಶುರುವಾಗುವಾಗ ಆಗುತ್ತಿತ್ತು. 250 ವ್ಯಾಟ್ ಅನ್ನೋದು ಸರಾಸರಿ. ಲೋಡ್ ಒಮ್ಮೆಲೇ ಏರಿದಾಗ ಕೆಲವು ಮಿಲಿಸೆಕೆಂಡ್ ಕಾರ್ಡ್ ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ, ಹಳೆಯ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬ) ಅದನ್ನು ಓವರ್‌ಲೋಡ್ ಅಂದುಕೊಂಡು ತನ್ನನ್ನು ತಾನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ನನ್ನದು 550 ವ್ಯಾಟ್, ಲೆಕ್ಕ ಹಾಕಿದರೆ ಸಾಕಾಗಬೇಕಿತ್ತು, ಅಲ್ವಾ? ಸಾಕಾಗಲಿಲ್ಲ. ಖಚಿತ ಮಾಡಿಕೊಳ್ಳೋಕೆ ಕಾರ್ಡಿನ ಸೆಟ್ಟಿಂಗ್ ಬದಲಾಯಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ ಶೇಕಡಾ 70ಕ್ಕೆ, ಅಂದರೆ 175 ವ್ಯಾಟ್‌ಗೆ ಇಳಿಸಿದೆ. ಆರು ದಿನ ಒಂದೂ ಕ್ರ್ಯಾಶ್ ಇಲ್ಲ. ಮತ್ತೆ 100ಕ್ಕೆ ಏರಿಸಿದ ಸಂಜೆಯೇ ಆಫ್ ಆಯ್ತು. ಖರ್ಚಿಲ್ಲದ ಪರೀಕ್ಷೆ ಇದು, ದಯವಿಟ್ಟು ಮೊದಲು ಇದನ್ನೇ ಮಾಡಿ.

ಕ್ಯಾಬಿನೆಟ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. ಎರಡು ಸಾಕೆಟ್‌ಗೂ ಒಂದೇ ಕೇಬಲ್, ತುದಿಯಲ್ಲಿ ಕವಲಾಗಿ ಎರಡು ಪ್ಲಗ್. ಕಾರ್ಡ್ ಕೂರುವ ಮದರ್‌ಬೋರ್ಡ್ ಸ್ಲಾಟ್‌ನಿಂದ ಹೆಚ್ಚೆಂದರೆ 75 ವ್ಯಾಟ್ ಸಿಗುತ್ತದೆ, ಉಳಿದದ್ದೆಲ್ಲ ಆ ಒಂದೇ ಕೇಬಲ್ ಹೊರಬೇಕು. ಎರಡನೇ ಪ್ಲಗ್ ಪೂರ್ತಿ ಕೂತಿರಲೂ ಇಲ್ಲ. ಹೊರಗೆ ತೆಗೆದರೆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ತಿಳಿ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ನೋಡಿ ನಿಜಕ್ಕೂ ಭಯವಾಯ್ತು.

ಎಸ್‌ಎಂಪಿಎಸ್ ಜೊತೆ ಬಂದಿದ್ದ ಬೇರೆ ಎರಡು ಕೇಬಲ್‌ಗಳನ್ನು, ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿ ಹಾಕಿದೆ. ಬಹಳ ಸುಧಾರಿಸಿತು, ಆದರೂ ಒಂಬತ್ತನೇ ದಿನ ಮತ್ತೆ ಆಫ್ ಆಯ್ತು. ಆಮೇಲೆ 750 ವ್ಯಾಟ್‌ನ ಎಟಿಎಕ್ಸ್ 3.0 ಎಸ್‌ಎಂಪಿಎಸ್ ಹಾಕಿಸಿಕೊಂಡೆ. ಎಟಿಎಕ್ಸ್ 3.0 ಅನ್ನೋದು ಎಸ್‌ಎಂಪಿಎಸ್ ಹೇಗಿರಬೇಕು ಅನ್ನುವ ನಿಯಮ, 2022ರಲ್ಲಿ ಬಂದಿದ್ದು, ಇಂಥ ಕ್ಷಣದ ಏರಿಕೆಯನ್ನು ತಡೆದುಕೊಳ್ಳಲಿ ಅಂತಲೇ ಮಾಡಿದ್ದು. ಐದು ವಾರ ಆಯ್ತು, ಒಂದು ಸಲವೂ ಆಫ್ ಆಗಿಲ್ಲ. ನೀವೂ ಬದಲಾಯಿಸುವುದಾದರೆ ಹಳೆಯ ಕೇಬಲ್ ಹೊಸದಕ್ಕೆ ಸಿಕ್ಕಿಸಲೇಬೇಡಿ. ಪ್ಲಗ್ ಒಂದೇ ಥರ ಕಂಡರೂ ಎಸ್‌ಎಂಪಿಎಸ್ ಕಡೆಯ ಪಿನ್‌ಗಳ ಕ್ರಮ ಬೇರೆ ಇರಬಹುದು, ಹಾರ್ಡ್ ಡಿಸ್ಕ್ ಸುಟ್ಟೇ ಹೋಗಬಹುದು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಡಬ್ಬಿಯೊಳಗಿನ ಹಾಳೆಗೆ. ಅದರಲ್ಲಿ ಒಂದೇ ಕೇಬಲ್ ಕವಲಾಗಿ ಎರಡೂ ಸಾಕೆಟ್‌ಗೆ ಹೋಗುವ ಚಿತ್ರ ಇದೆ, ನಾನು ಅದನ್ನೇ ನೋಡಿಕೊಂಡು ಹಾಕಿದ್ದೆ. ಆ ಚಿತ್ರ ಬದಲಾಯಿಸಿದರೆ ಆ ಸ್ಟಾರನ್ನೂ ಕೊಡುತ್ತೇನೆ.